ಎಂಥವಳಾಗಿದ್ದಳು

ಜುಮಾಷ್ ಹಾರೆಯ ತುದಿಯನ್ನು ಬಾಗಿಲ ಸಂದಿಗೆ ತೂರಿಸಿ ಮೈಭಾರವನ್ನೆಲ್ಲ ಹಾಕಿ ಮೀಟಿದ. ಚಳಿಗೆ ಬಿಗಿದು ಕೂತಿದ್ದ ಕೀಲು ಕಿರ್ರೆಂದು ಕಿತ್ತುಬಂತು.

"ಮೆಲ್ಲಗೆ ಕಣೋ," ಎಂದಳು ಕಾಲಿಪಾ. "ಒಳಗೆ ಮಲಗಿದ್ದಾಳೆ."

"ಇನ್ನೆಲ್ಲಿ ಏಳ್ತಾಳೆ ಅತ್ತಿಗೆ." ಅಂದುಬಿಟ್ಟ ಮೇಲೆ ಅವನಿಗೇ ಒಂಥರಾ ಆಗಿ ಮೂಗೊರೆಸಿಕೊಂಡ. "ಹೆಣ ಹೊರೋ ಮಂಚ ಕೊಡಲ್ಲ ಅಂದ್ರು ಮುಲ್ಲಾ. ಹೆಗಲ ಮೇಲೆ ಹಾಕ್ಕೊಂಡು ಹೋಗ್ಲಾ? ಅವಳ ಬಾಗಿಲ ಮೇಲೇ ಹೋಗ್ಲಿ ಬಿಡು."

ಗಂಡನ ತಮ್ಮನ ಮುಖವೆಲ್ಲ ಮಸಿಯಾಗಿತ್ತು. ನಿನ್ನೆಯಿಂದ ಅವನೂ ಅವನ ಗೆಳೆಯರೂ ಹಳೇ ಟೈರುಗಳನ್ನು ಸುಟ್ಟು, ಚಳಿಗೆ ಕಲ್ಲಾಗಿದ್ದ ನೆಲವನ್ನು ಸಡಿಲಿಸಿ ಗುಂಡಿ ತೋಡಿದ್ದರು. ಖಬರಸ್ತಾನದೊಳಗಲ್ಲ, ಗೋಡೆಯಾಚೆ, ಕುರಿಗಳು ಬೆಟ್ಟ ಹತ್ತುವ ದಾರಿಯ ಪಕ್ಕ. ಊರ ಹಿರಿಯರು ಒಪ್ಪಿದ್ದು ಅಷ್ಟಕ್ಕೇ.

ಯೇರಿನ್ ಕೊರಿಯಾದ ಹುಡುಗಿ. ತನ್ನ ಯೇಸುವಿನ ಮಾತು ಹೇಳಲೆಂದು ನರಿನ್ ಕಣಿವೆಯ ಈ ಊರಿಗೆ ಬಂದು, ಕಾಲಿಪಾಳ ಅಂಗಳದಂಚಿನ ಈ ಒಂಟಿ ಕೋಣೆಯಲ್ಲಿ ಎರಡು ಚಳಿಗಾಲ ಕಳೆದವಳು. ಈ ಸಲ ಕೆಮ್ಮು ಎದೆಗಿಳಿಯಿತು. ಬೆಟ್ಟದ ದಾರಿ ಹಿಮ ಬಿದ್ದು ಮುಚ್ಚಿತ್ತು. ಡಾಕ್ಟರರ ಗಾಡಿ ಅರ್ಧದಿಂದಲೇ ತಿರುಗಿಹೋಯಿತು. ನಿನ್ನೆ ಬೆಳಕು ಹರಿಯುವಾಗ ಉಸಿರು ನಿಂತಿತು. ಅವಳ ಚರ್ಚಿನವರು ರಾಜಧಾನಿ ಬಿಶ್ಕೆಕ್‌ನಿಂದ ಫೋನು ಮಾಡಿ, ಅಲ್ಲೇ ಮಣ್ಣು ಮಾಡಿ, ತಾಯಿಯೂ ಒಪ್ಪಿದ್ದಾರೆ, ದಾರಿ ತೆರೆದ ಮೇಲೆ ಬರುತ್ತೇವೆ ಎಂದಿದ್ದರು.

ಪಕ್ಕದ ಮನೆಯ ಜಿಪಾರ್ ಜೊತೆ ಸೇರಿ ಕಾಲಿಪಾ ಬೆಳಿಗ್ಗೆಯೇ ಹೆಣಕ್ಕೆ ನೀರು ಹಾಕಿ, ಬಿಳಿ ಬಟ್ಟೆ ಸುತ್ತಿದ್ದಳು. ಮೈ ತೊಳೆದವರಿಗೆ ಸತ್ತವರ ಬಟ್ಟೆ ಸಲ್ಲಬೇಕು. "ಆ ನೀಲಿ ಜಾಕೀಟು ಒಂದಿದ್ರೆ ಸಾಕು ನಂಗೆ," ಎಂದು ಜಿಪಾರ್ ಅಲ್ಲೇ ತೊಟ್ಟುಕೊಂಡಿದ್ದಳು.

ಗೇಟಿನ ಹೊರಗೆ ಸಾಪರ್ ಮುಲ್ಲಾ ಕೋಲೂರಿಕೊಂಡು ನಿಂತಿದ್ದ. ಒಳಗೆ ಕಾಲಿಡಲಿಲ್ಲ. ಕಾಲಿಪಾಳೇ ಹೋದಳು.

"ನಿಮ್ಮ ಪ್ರಾರ್ಥನೆ ಬೇಡ, ಮಂಚಾನೂ ಬೇಡ. ಆ ಒಂದು ಮಾತು ಕೇಳ್ಬಿಡಿ, ಸಾಕು."

ಹೆಣ ಎತ್ತುವ ಮುಂಚೆ ಮುಲ್ಲಾ ಸೇರಿದವರನ್ನು ಕೇಳುತ್ತಾನೆ: ಇವರು ಎಂಥವರಾಗಿದ್ದರು? ಒಳ್ಳೆಯವರಾಗಿದ್ದರು ಎಂದು ಊರು ಒಂದೇ ಗಂಟಲಲ್ಲಿ ಹೇಳುತ್ತದೆ. ಆ ಮಾತಿಲ್ಲದೆ ಈ ಊರಿಂದ ಒಂದು ಹೆಣವೂ ಹೋಗಿಲ್ಲ.

"ನಂಗೇನು ಅವಳ ಮೇಲೆ ಸಿಟ್ಟಾ ಕಾಲಿಪಾ? ನನ್ನ ಮೊಮ್ಮಗಳಿಗೆ ಗುಣಾಕಾರ ಬಂದಿದ್ದೇ ಅವಳಿಂದ. ಆದ್ರೆ ಆ ಮಾತು ನಮ್ಮವರಿಗೆ. ಇವತ್ತು ನಾನು ಕೇಳಿದ್ರೆ, ನಾಳೆ ನನ್ನನ್ನ ಕೇಳೋರಿದ್ದಾರೆ."

"ಹಾಗಾದ್ರೆ ಸತ್ತ ನಾಯೀನ ಎಳೆದ ಹಾಗೆ ಎಳ್ಕೊಂಡು ಹೋಗೋದಾ?"

"ನಾಯಿ ಅಂತ ನಾನೆಲ್ಲಿ ಅಂದೆ?" ಅವನ ದನಿ ಇಳಿಯಿತು. ಕೋಲೂರುತ್ತ ಹೊರಟುಹೋದ.

*

ಹೋದ ಚಳಿಗಾಲದಲ್ಲಿ, ಕುದುರೆಕಳ್ಳ ಬೈಮುರಾತ್ ಸತ್ತ ದಿನ, ಯೇರಿನ್ ಕೊಟ್ಟಿಗೆಯಲ್ಲಿ ಹಸುವಿನ ಕೆಳಗೆ ಕೂತು ಹೆಣಗುತ್ತಿದ್ದಳು. ನದಿಯ ಹಿಮಗಡ್ಡೆ ಒಡೆದು ನೀರು ತರುವುದು ಕಲಿತಿದ್ದಳು, ಒಲೆಗೆ ಸಗಣಿಬೆರಣಿ ಒಟ್ಟುವುದು ಕಲಿತಿದ್ದಳು. ಹಾಲು ಮಾತ್ರ ಅವಳ ಬೆರಳಿಗೆ ಇಳಿಯುತ್ತಲೇ ಇರಲಿಲ್ಲ. ಆಚೆಮನೆಯಿಂದ ಗಂಡಸರ ಕೂಗು ಕೇಳಿತು: ಒಳ್ಳೆಯವನಾಗಿದ್ದ!

"ಅಪಾ," ಎಂದಳು ಕಾಲಿಪಾಳಿಗೆ, ಇಲ್ಲಿಯ ಮಕ್ಕಳು ತಾಯಿಯನ್ನು ಕರೆಯುವ ಹಾಗೆ. "ಹೋದ ವಾರ ಜುಮಾಷಣ್ಣ ಅವನನ್ನ ಕಳ್ಳ ಬಡ್ಡೀಮಗ ಅಂತಿದ್ರು."

"ಅದು ಹೋದ ವಾರ."

ಹುಡುಗಿ ನಕ್ಕಳು. ಹಸು ಒದೆಯಿತು. ಬಕೆಟ್ಟು ಉರುಳಿತು. ಎದ್ದು ಲಂಗ ಕೊಡವಿಕೊಂಡು ಮತ್ತೆ ಕೂತಳು.

"ಯಾರೂ ಉತ್ತರ ಹೇಳದಿದ್ರೆ?"

"ಹಾಗೆಲ್ಲ ಆಗಲ್ಲ."

"ಆದ್ರೆ?"

"ಹಾಲು ಕರಿಯೇ ಮೊದ್ಲು. ಸಾಯೋ ಮಾತು ನಿಂಗ್ಯಾಕೆ."

ಮಧ್ಯಾಹ್ನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಸಂಜೆ ಮನೆಮನೆಗೆ ಹೋಗುತ್ತಿದ್ದಳು. ಯಾರೂ ಬಾಗಿಲು ಮುಚ್ಚುತ್ತಿರಲಿಲ್ಲ. ರೊಟ್ಟಿ ಮುರಿದಿಡುತ್ತಿದ್ದರು, ಟೀ ಬಗ್ಗಿಸುತ್ತಿದ್ದರು. ಅವಳು ತನ್ನ ದೇವರ ಮಾತು ತೆಗೆದ ಕೂಡಲೇ ಮನೆಯಾಕೆ ಬಟ್ಟಲನ್ನು ಅಂಚಿನ ತನಕ ತುಂಬಿಬಿಡುತ್ತಿದ್ದಳು. ಇನ್ನಷ್ಟು ಹೊತ್ತು ಕೂತಿರಲಿ ಅನ್ನಿಸಿದವರಿಗೆ ಇಲ್ಲಿ ಎರಡೆರಡೇ ಗುಟುಕು ಬಗ್ಗಿಸುತ್ತಾರೆ, ಮತ್ತೆ ಮತ್ತೆ ಬಗ್ಗಿಸುವ ನೆಪಕ್ಕೆ. ತುಂಬಿದ ಬಟ್ಟಲೆಂದರೆ ಕುಡಿದು ಎದ್ದುಹೋಗು ಎಂದು.

ಯೇರಿನ್ ಕೆನ್ನೆ ಕೆಂಪು ಮಾಡಿಕೊಂಡು ಓಡಿಬರುತ್ತಿದ್ದಳು. "ಅಪಾ, ಇವತ್ತೂ ಬಟ್ಟಲು ತುಂಬಾ ಹಾಕಿದ್ರು! ನನ್ನನ್ನ ಕಂಡ್ರೆ ಈಗ ಎಲ್ಲರಿಗೂ ಇಷ್ಟ."

ಆ ಮುಖ ನೋಡಿ ಕಾಲಿಪಾಳಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ತಾನು ಮಾತ್ರ ಎರಡೇ ಗುಟುಕು ಬಗ್ಗಿಸಿಕೊಡುತ್ತಿದ್ದಳು. "ಅಪಾ ಜಿಪುಣಿ," ಎನ್ನುತ್ತಿದ್ದಳು ಹುಡುಗಿ.

*

ಬಾಗಿಲನ್ನು ಅಂಗಳದ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಅವಳನ್ನು ಮಲಗಿಸಿದರು. ಸಾವು ಸಾವೇ ಎಂದು ಊರ ಗಂಡಸರು ಬಂದಿದ್ದರು. ಬೇಲಿಗುಂಟ ಸಾಲಾಗಿ, ಕೈಗಳನ್ನು ಕೋಟಿನ ತೋಳೊಳಗೆ ತೂರಿಸಿ ನಿಂತಿದ್ದರು. ಹೆಂಗಸರು ಜಗಲಿಯ ಮೇಲೆ. ಇನ್ನು ಎತ್ತಬೇಕು ಅನ್ನುವಾಗ ಕಾಲಿಪಾ ಮೆಟ್ಟಿಲಿಳಿದು ಗಂಡಸರ ನಡುವೆ ಬಂದು ನಿಂತಳು.

"ಅಯ್ಯೋ, ಇವಳಿಗೇನು ಬಂತು," ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

"ಜನರೇ," ಎಂದಳು. "ಈ ಹುಡುಗಿ ಎಂಥವಳಾಗಿದ್ದಳು?"

ಒಬ್ಬ ಟೋಪಿ ಸರಿಮಾಡಿಕೊಂಡ. ಇನ್ನೊಬ್ಬ, ಮುಲ್ಲಾ ಮನೆಯ ಕಡೆ ನೋಡಿ ಬೂಟಿನ ತುದಿಯಿಂದ ಹಿಮ ಕೆದಕಿದ. ಜಿಪಾರ್ ನೀಲಿ ಜಾಕೀಟಿನ ಜಿಪ್ಪನ್ನು ಗಲ್ಲದ ತನಕ ಎಳೆದುಕೊಂಡಳು.

"ಎಂಥವಳಾಗಿದ್ದಳು?"

ಬೇಲಿಯ ಮೇಲೆ ಕಾಗೆಯೊಂದು ಕೂತಿತು, ಹಾರಿತು.

"ಹಾಲು ಕರೆಯೋಕೆ ಬರ್ತಿರಲಿಲ್ಲ," ಎಂದ ಜುಮಾಷ್.

ಯಾರದೋ ಮೂಗಿನಿಂದ ನಗು ನುಸುಳಿತು. ಜುಮಾಷ್ ತಿರುಗಿ ನೋಡಿದ, ನಗು ನಿಂತಿತು.

"ಒದೆಸ್ಕೊಂಡು ಒದೆಸ್ಕೊಂಡು, ಮತ್ತೆ ಹೋಗಿ ಕೂತ್ಕೋತಿದ್ಲು." ಬಗ್ಗಿ ಬಾಗಿಲಿನ ಒಂದು ಮೂಲೆ ಹಿಡಿದ. "ಏನ್ ನೋಡ್ತೀರಾ, ಎತ್ರೋ!"

ಗುಂಡಿ ತೋಡಿದವರೇ ಬಂದು ಉಳಿದ ಮೂಲೆಗಳನ್ನು ಹಿಡಿದರು. ಹೆಂಗಸರು ಹೋಗುವಂತಿಲ್ಲ. ಬೂಟುಗಳ ಕೆಳಗೆ ಹಿಮ ಕರಕರ ಎನ್ನುವ ಸದ್ದು ಸೇತುವೆಯಾಚೆ ಕರಗುವ ತನಕ ಕಾಲಿಪಾ ಗೇಟಿನಲ್ಲೇ ನಿಂತಿದ್ದಳು.

ಮಣ್ಣು ಮಾಡಿ ಎಲ್ಲರೂ ಮರಳಿ ಬಂದರು. ಸಾವಿನ ಮನೆಯ ಟೀ ಕುಡಿಯದೆ ಹೋಗಬಾರದು. ಜುಮಾಷ್ ಬಾಗಿಲನ್ನು ತಂದು ಗೋಡೆಗೆ ಒರಗಿಸಿದ. ಬಾಗಿಲಿಲ್ಲದ ಕೋಣೆಯೊಳಗೆ ಆಗಲೇ ಹಿಮ ನುಗ್ಗಿ, ಬರಿದಾದ ಹಾಸಿಗೆಯ ಅಂಚಿನ ತನಕ ಬಂದಿತ್ತು.

ಕಾಲಿಪಾಳ ಮನೆಯೊಳಗೆ ಹಾಸಿದ ಬಟ್ಟೆಯ ಮೇಲೆ ಎಣ್ಣೆಯಲ್ಲಿ ಕರಿದ ರೊಟ್ಟಿತುಂಡುಗಳು ಹರಡಿದ್ದವು. ಗಂಡಸರು ಹೆಂಗಸರು ಸುತ್ತ ಕೂತರು. ಕೈ ಬೆಚ್ಚಗಾದ ಹಾಗೆ ಮಾತೂ ಬಿಚ್ಚಿಕೊಂಡಿತು.

"ಈ ಸಲ ದಾರಿ ಮಾರ್ಚಿಗೂ ಬಿಡಲ್ಲ ನೋಡು."

"ಒಣಹುಲ್ಲು ಅಲ್ಲೀತನಕ ಬರಬೇಕಲ್ಲ."

ಕಾಲಿಪಾ ಟೀ ಹೂಜಿ ಹಿಡಿದು ಬಂದಳು. ಮೊದಲನೆಯವನ ಬಟ್ಟಲಿಗೆ ಬಗ್ಗಿಸಿದಳು, ನಿಲ್ಲಿಸಲಿಲ್ಲ. ಟೀ ಅಂಚು ಮುಟ್ಟಿ ನಡುಗಿತು. ಪಕ್ಕದವನ ಬಟ್ಟಲು. ಅದರ ಪಕ್ಕದ್ದು. ಜಿಪಾರಳ ಬಟ್ಟಲು. ಹುಲ್ಲಿನ ಮಾತು ಅರ್ಧದಲ್ಲೇ ನಿಂತಿತು. ಹೂಜಿಯ ಬಾಯಿಂದ ಟೀ ಬೀಳುವ ಸದ್ದೊಂದೇ ಕೋಣೆ ಸುತ್ತುತ್ತ ಬಂತು.

ಮೂಲೆಯಲ್ಲಿ ಜುಮಾಷ್ ತಲೆ ತಗ್ಗಿಸಿಕೊಂಡೇ ತನ್ನ ಬಟ್ಟಲನ್ನು ಮುಂದೆ ಸರಿಸಿದ. ಕಾಲಿಪಾ ಅದಕ್ಕೆ ಎರಡು ಗುಟುಕು ಬಗ್ಗಿಸಿ, ಹೂಜಿ ಕೆಳಗಿಟ್ಟು, ಅವನ ಪಕ್ಕ ಕೂತಳು.

ಸುತ್ತ ಕೂತವರ ಮುಂದೆ ಬಟ್ಟಲುಗಳು ಹಬೆಯಾಡುತ್ತಿದ್ದವು, ತುಟಿಗೆತ್ತಿದರೆ ಚೆಲ್ಲುವಷ್ಟು ತುಂಬಿ.