ನಾಲ್ಕನೆಯ ನುಡಿ

ಸಿಂದಗಿಯ ಹಿಟ್ಟಿನ ಗಿರಣಿಯ ಮುಂದೆ ಬೈಕು ನಿಲ್ಲಿಸುವಾಗಲೂ ಮಾಳಿಂಗನ ಸಿಟ್ಟು ಇಳಿದಿರಲಿಲ್ಲ. ಇಂಡಿ ದಾಟಿದಾಗಿನಿಂದ ಹಿಂದೆ ಕೂತ ಅಜ್ಜಿ, ಆಯಿ ಹುಚ್ಚವ್ವ, ಮೂರು ಸಲ ಹೇಳಿದ್ದಳು, "ಸಾವಕಾಶ ಹೊಡಿಯೋ. ಪದ ಎಲ್ಲಿ ಓಡಿ ಹೋಗತೈತಿ?"

ಓಡಿಯೇ ಹೋಗಿತ್ತು. ಆಯಿ ಹಾಡಿದ ಬೀಸುವ ಪದವನ್ನು ಮಾಳಿಂಗ ಮೊಬೈಲಿನಲ್ಲಿ ಹಿಡಿದು ಗೆಳೆಯರಿಗೆ ಕಳಿಸಿದ್ದ. ಈಗ ಅದನ್ನೇ ಈ ಗಿರಣಿ ನಡೆಸುವ, ಡೊಳ್ಳಿನ ಮೇಳದ ಸಿದ್ಧರಾಮ ಊರೂರಲ್ಲಿ ಹಾಡುತ್ತಿದ್ದ. ಹಾಡಲಿ. ಆದರೆ ಪದ ಕಟ್ಟಿದವರ ಹೆಸರು ಬರಬೇಕಾದ ಕೊನೆಯ ನುಡಿಯಲ್ಲಿ ತನ್ನ ಗುರುವಿನ ಹೆಸರು ಸೇರಿಸಿದ್ದ. ಅಲ್ಲಿ ಆಯಿಯ ಹೆಸರು ಕೂಡಿಸದೆ ತಿರುಗಿ ಹೋಗುವುದಿಲ್ಲವೆಂದು ಮಾಳಿಂಗ ಹಟ ತೊಟ್ಟಿದ್ದ.

ಮೈಯೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಸಿದ್ಧರಾಮ ಗಿರಣಿಯ ಸದ್ದಿನಲ್ಲೇ ಕೂಗಿ ಕೇಳಿದ, "ಜ್ವಾಳ ಎಷ್ಟ ಅದಾವರಿ?"

"ಜ್ವಾಳ ಅಲ್ಲ. ಕದ್ದ ಪದ ವಾಪಸ್ ಒಯ್ಯಾಕ ಬಂದೇನಿ," ಎಂದ ಮಾಳಿಂಗ. "ನಮ್ಮ ಆಯಿ ಪದಕ್ಕ ನಿಮ್ಮ ಗುರುವಿನ ಹೆಸರ ಯಾಕ ಹಚ್ಚಿದಿ?"

ಸಿದ್ಧರಾಮ ಗಿರಣಿ ಬಂದ್ ಮಾಡಿದ. ಕೈ ಒರೆಸಿಕೊಂಡು ಮೊದಲು ಮುದುಕಿಯ ಕಾಲು ಮುಟ್ಟಿದ. "ಆಯಿ, ಈ ಪದ ನಿಮ್ಮದೇನ್ರಿ? ಹೆಸರಿಲ್ಲದ ಪದ ಎತ್ತಿದ್ರ ನಮ್ಮ ಮೇಳದ ಹಿರ್ಯಾರು ಡೊಳ್ಳ ಕಸ್ಕೋತಾರ. ಮೊಬೈಲ್‌ನ್ಯಾಗ ಮೂರ ನುಡಿ ಅಷ್ಟ ಇದ್ದವು. ನನಗ ಕಲಿಸಿದವ್ರ ಹೆಸರ ಇಟ್ಟು ಮುಗಿಸೇನ್ರಿ."

"ಸುಳ್ಳ," ಎಂದು ಮಾಳಿಂಗ ಮೊಬೈಲ್ ಹಚ್ಚಿದ. ಮೂರನೆಯ ನುಡಿ ಮುಗಿಯಿತು. ಆಯಿ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡಳು. ವಿಡಿಯೊ ಅಲ್ಲಿಗೇ ಕಡಿದಿತ್ತು.

"ನಾ ಎಲಿ ಹಾಕ್ಕೊಂಡೆ, ನೀ ಪದಾನ ಮುಗೀತಂತ ಎದ್ದಿ," ಎಂದಳು ಹುಚ್ಚವ್ವ. "ನಾಕನೇದ್ದು ನಿನ್ನ ಬೆನ್ನಿಗೆ ಹಾಡೇನಿ. ಸಾಲಿ ಬಿಟ್ಟಂಗ ಇದನ್ನೂ ಅರ್ಧಕ್ಕ ಬಿಟ್ಟಿ, ನನ್ನ ಕೂಸ."

ಮಾಳಿಂಗನ ಕಿವಿ ಬಿಸಿಯಾದವು. ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಬೈಗುಳಕ್ಕೆಲ್ಲ ಈಗ ತಾನೇ ವಾರಸುದಾರ.

ಹುಚ್ಚವ್ವ ಜೋಳದ ಚೀಲದ ಮೇಲೆ ಕೂತಳು. ಅವಳ ಬಲಗೈ, ಅಲ್ಲಿಲ್ಲದ ಬೀಸುಕಲ್ಲಿನ ಗೂಟ ಹಿಡಿದಂತೆ, ತಾನಾಗಿ ತಿರುಗತೊಡಗಿತು.

"ಸೊಲ್ಲ ಎತ್ತಿದಾಕಿ ಅಬಿದಾ, ಕೂಡಿ ಅಂದಾಕಿ ಹುಚ್ಚವ್ವ,
ಒಂದ ಗೂಟಕ ನಾಕ ಕೈಯ ಹಿಡಿದೇವ,
ಹಿಟ್ಟ ಯಾರದಂತ ಕೇಳಬ್ಯಾಡ."

"ಅಬಿದಾ ಅಂದ್ರ ಯಾರ್ರಿ ಆಯಿ?" ಸಿದ್ಧರಾಮ ಮೆಲ್ಲಗೆ ಕೇಳಿದ.

"ನನ್ನ ಎದುರ ಕೂತು ಬೀಸಾಕಿ. ಗ್ವಾಡಿ ಆಚೆ ಮನಿ. ಈಗ ಮುದ್ದೇಬಿಹಾಳದಾಗ ಮಗಳ ಕಡೆ ಅದಾಳ. ನನಕಿಂತ ಆಕಿ ದನಿ ಚಂದ." ಹುಚ್ಚವ್ವ ಮೊಮ್ಮಗನ ಕಡೆ ಹೊರಳಿದಳು. "ನೀ ನನ್ನ ಒಬ್ಬಾಕೀ ಹೆಸರ ಹಚ್ಚಸಾಕ ಬಂದಿದ್ದಿ. ಅದೂ ಕಳವ ಆಗತಿತ್ತು."

ಮಾಳಿಂಗ ಮೊಬೈಲ್ ಎತ್ತಿ ಅವಳ ಮುಖಕ್ಕೆ ಹಿಡಿದ.

"ಅದನ್ನ ಕಿಸೇದಾಗ ಇಡು. ಬಾಯಿಲೆ ಕಲಿ. ನಾಳಿ ಮುದ್ದೇಬಿಹಾಳಕ್ಕ ಹೋಗಿ ಅಬಿದಾನ ಮುಂದ ಒಪ್ಪಸಬೇಕು."

ಮಾಳಿಂಗ ಅವಳೆದುರು ನೆಲದ ಮೇಲೆ ಕೂತು ಆ ಇಲ್ಲದ ಗೂಟಕ್ಕೆ ಕೈ ಹಚ್ಚಿದ. ಸಿದ್ಧರಾಮನೂ ಪಕ್ಕದಲ್ಲಿ ಕೂತ. ಅಷ್ಟರಲ್ಲಿ ಡಬ್ಬಿ ಹಿಡಿದು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು, "ಗಿರಣಿ ಯಾಕ ಬಂದ್ ಐತ್ರಿ?"

"ಬಂದ್ ಎಲ್ಲೈತ್ರಿ ಅಕ್ಕಾರ," ಎಂದ ಸಿದ್ಧರಾಮ. "ಬೀಸಾಕತ್ತೇವಿ. ಕೂಡ್ರಿ."