ತಾನೇ ಮಾಡಿಕೊಳ್ಳುತ್ತಾಳೆ

ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ಮೊದಲು ಏಳುವವನು ಅಪ್ಪ. ಮೂವತ್ತೊಂದು ವರ್ಷದಿಂದ ಪ್ರೆಸ್ಸೊಂದರಲ್ಲಿ ಪುಸ್ತಕ ಬೈಂಡ್ ಮಾಡುವ ಕೆಲಸ ಅವನದು. ಹಾಳೆ ಮಡಚುವುದು, ಹೊಲಿಯುವುದು, ಬೆನ್ನಿಗೆ ಅಂಟು ಬಳಿದು ರಟ್ಟು ಕೂರಿಸುವುದು. ರಜೆಯ ದಿನವೂ ಕೈ ಸುಮ್ಮನಿರದು. ಚಹಾಕ್ಕೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಮಗಳನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡಿ, ಕಾಲಿನ ಕೆಳಗೆ ದಿಂಬು ಸರಿಮಾಡುತ್ತಾನೆ.

ಮಗಳಿಗೆ ಇಪ್ಪತ್ತಾರು. ಮಾತು ಕಲಿತ ದಿನದಿಂದ ಮನೆಯವರ ಜೊತೆ ವಾದಕ್ಕೆ ನಿಂತವಳು, ಅದಕ್ಕೇ ಬೀದಿಯವರೆಲ್ಲ ಅವಳನ್ನು ಲಾಯರಮ್ಮ ಎನ್ನುತ್ತಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಮೆಟ್ಟಿಲು ಹತ್ತುವಾಗ ಎಡವತೊಡಗಿದಳು. ಹದಿನಾರಕ್ಕೆ ನಡೆಯುವುದು ನಿಂತಿತು. ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಈಗ ಮೊಣಕೈಗೆ ಆಸರೆ ಕೊಟ್ಟರೆ ಚಮಚ ಹಿಡಿಯುತ್ತಾಳೆ, ಪೆನ್ನು ಹಿಡಿಯುತ್ತಾಳೆ, ಅಷ್ಟೆ. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ.

ಆ ಮನೆತನಕ್ಕೊಂದು ಪದ್ಧತಿಯಿತ್ತು. ಕಾಯಿಲೆಯನ್ನು ಬಾಯಲ್ಲಿ ಆಡಬಾರದು. ಹೇಗಿದ್ದಾಳೆ ಎಂದು ಕೇಳಿದವರಿಗೆ, ಕೇಳಿದವನು ಡಾಕ್ಟರೇ ಆಗಿರಲಿ, "ಚೆನ್ನಾಗಿದ್ದಾಳೆ" ಎನ್ನಬೇಕು. ಯಾರಾದರೂ ಬಾಯಿತಪ್ಪಿ "ಇವಳಿಗೆ ಇನ್ನು ಏಳೋಕಾಗಲ್ಲ" ಎಂದರೆ ಅಪ್ಪನ ಅಕ್ಕ, ಲಾಯರಮ್ಮನ ಸೋದರತ್ತೆ, ಅವರನ್ನು ಅಲ್ಲೇ ಹಿಡಿದು "ಬಿಡ್ತು ಅನ್ನು" ಎಂದು ಹೇಳಿಸುವ ತನಕ ಬಿಡುತ್ತಿರಲಿಲ್ಲ. ನೆಂಟರು ಬರುವುದಕ್ಕೆ ಅರ್ಧ ಗಂಟೆ ಮೊದಲೇ ಲಾಯರಮ್ಮನನ್ನು ಎತ್ತಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಬೆನ್ನಿಗೆ ದಿಂಬು, ಮಂಡಿಯ ಮೇಲೆ ಶಾಲು, ತೊಡೆಯ ಮೇಲೊಂದು ತೆರೆದ ಪುಸ್ತಕ. ಬಂದವರು ಹೋಗುವ ತನಕ ಅವಳು ಏಳುವಂತಿಲ್ಲ. ಏಳುವುದಕ್ಕೆ ಹೇಗೂ ಆಗದು, ಹಾಗಾಗಿ ಗುಟ್ಟು ರಟ್ಟಾಗುವ ಭಯವೇ ಇರಲಿಲ್ಲ.

ಇದನ್ನು ನೆಂಟರಿಗೆ ಮಾತ್ರ ಮಾಡಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಮೂರು ವರ್ಷದ ಹಿಂದೆ, ಸರ್ಕಾರದ ಅಂಗವಿಕಲರ ನೆರವು ಇನ್ನೂ ಬೇಕೇ ಎಂದು ಪರಿಶೀಲಿಸಲು ಬಂದ ಅಧಿಕಾರಿಗೂ ಅದನ್ನೇ ಮಾಡಿದರು. ಅದೇ ಕುರ್ಚಿ, ಅದೇ ಶಾಲು. ಅಧಿಕಾರಿ ಏನು ಕೇಳಿದರೂ ಅತ್ತೆ ಮುಂದೆ ಬಿದ್ದು "ಓ, ಎಲ್ಲಾ ಮಾಡ್ಕೊತಾಳೆ, ನಮ್ಮ ಹುಡುಗಿ ಬಲು ಚುರುಕು" ಎಂದರು. ಅರ್ಜಿಯಲ್ಲಿ ಅಪ್ಪ ತನ್ನ ಮುತ್ತಿನಂಥ ಅಕ್ಷರದಲ್ಲಿ ಹನ್ನೊಂದು ಕಡೆ "ತಾನೇ ಮಾಡಿಕೊಳ್ಳುತ್ತಾಳೆ" ಎಂದು ಬರೆದ. ಅಧಿಕಾರಿ ಅವನ ಅಕ್ಷರವನ್ನು ಹೊಗಳಿ ಹೋದರು. ಎರಡು ತಿಂಗಳಿಗೆ ಕಾಗದ ಬಂತು: ತಮ್ಮ ಮಗಳ ಸ್ಥಿತಿ ಸುಧಾರಿಸಿರುವುದು ಸಂತೋಷದ ವಿಷಯ, ಆದ್ದರಿಂದ ಹಗಲಿನ ಸಹಾಯಕಿಯನ್ನು ಹಿಂದಕ್ಕೆ ಕರೆಸಿಕೊಳ್ಳಲಾಗಿದೆ.

ಆ ನೆರವಿನಡಿ ಬರುತ್ತಿದ್ದ ಸಹಾಯಕಿ ಗಟ್ಟಿ ರಟ್ಟೆಯ ಹೆಂಗಸು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದು, ಲಾಯರಮ್ಮನನ್ನು ಮಗುವಿನಂತೆ ಎತ್ತಿ ಬಚ್ಚಲಿಗೆ ಕರೆದೊಯ್ದು ತರುತ್ತಿದ್ದಳು. ಅವಳು ಹೋದ ಮೇಲೆ ಅಪ್ಪ ಪ್ರೆಸ್ಸಿಗೆ, ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಎಂಟು ಗಂಟೆಗೆ ಹೊರಟರೆ ಮರಳಿ ಬರುವುದು ಆರಕ್ಕೆ. ನಡುವೆ ಒಂದು ಗಂಟೆಗೆ ಪಕ್ಕದ ಬೀದಿಯಿಂದ ಅತ್ತೆ ಊಟ ತಂದು ತಿನ್ನಿಸಿ ಹೋಗುತ್ತಿದ್ದರು. ಅರವತ್ತೆಂಟರ ಅತ್ತೆಯ ಸೊಂಟದಲ್ಲಿ ತಮ್ಮನ್ನು ತಾವು ಎತ್ತಿಕೊಳ್ಳುವಷ್ಟೇ ಶಕ್ತಿ ಇತ್ತು.

ಈ ಮೂರನೆಯ ವರ್ಷ ಮಗಳಿಗೆ ಮೂರು ಸಲ ಮೂತ್ರದ ಸೋಂಕಾಗಿ ಚಳಿಜ್ವರ. ಕೊನೆಯ ಸಲ ಡಾಕ್ಟರು ಸ್ಕ್ಯಾನ್ ನೋಡಿ, ಒಂದು ಕಿಡ್ನಿ ಕುಗ್ಗಿದೆ, ಇನ್ನೊಂದನ್ನಾದರೂ ಉಳಿಸಿಕೊಳ್ಳಿ ಎಂದರು. ನೀರು ಸರಿಯಾಗಿ ಕುಡಿಯುತ್ತಾಳಾ ಎಂದು ಕೇಳಿದರು. "ಚೆನ್ನಾಗಿ ಕುಡೀತಾಳೆ" ಎಂದಳು ಅಮ್ಮ. ಅವಳು ಸುಳ್ಳು ಹೇಳಲಿಲ್ಲ. ದಿನಾ ಬೆಳಿಗ್ಗೆ ಹೀರುವ ನಳಿಕೆ ಹಾಕಿ ತುಂಬಿಸಿಟ್ಟ ಬಾಟಲಿ ಸಂಜೆಗೆ ಖಾಲಿಯಾಗಿರುತ್ತಿತ್ತು.

ಮತ್ತೆ ಮರುಪರಿಶೀಲನೆಯ ಅರ್ಜಿ ಬಂದಿತ್ತು. ಹದಿನಾಲ್ಕು ಪುಟ. ಸೋಮವಾರ ಕೊಡಲೇಬೇಕು. ಚಹಾ ಮುಗಿಸಿ ಅಪ್ಪ ಅದನ್ನು ಮಗಳ ಮಂಚದ ಪಕ್ಕದ ಮೇಜಿನ ಮೇಲೆ ಹರಡಿದ. ಪಿನ್ನು ಹೊಡೆದ ರೀತಿ ನೋಡಿ "ಇದೇನು ಬೈಂಡಿಂಗೋ, ಬೇಲಿಗೆ ಮುಳ್ಳು ಹಾಕಿದ ಹಾಗಿದೆ" ಎಂದು ಮೂಗು ಮುರಿದ. ಲಾಯರಮ್ಮ ನಕ್ಕಳು. ಅಷ್ಟರಲ್ಲಿ ಅತ್ತೆ ಬಂದು ತಮ್ಮನ ಎದುರಿಗೇ ಕುರ್ಚಿ ಎಳೆದುಕೊಂಡರು. ಅವನ ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವರು ಈ ಅಕ್ಕನೇ. ಅವರು ಹಾಕಿದ ಗೆರೆ ಅವನು ಈ ತನಕ ದಾಟಿರಲಿಲ್ಲ.

ಮೊದಲ ಪ್ರಶ್ನೆಗಳು ಸುಲಭವಾಗಿ ಸಾಗಿದವು. ಆರನೆಯ ಪುಟಕ್ಕೆ ಬಂದಾಗ ಅಪ್ಪ ಗಂಟಲು ಸರಿಮಾಡಿಕೊಂಡ.

"ಸ್ನಾನಕ್ಕೆ ಇನ್ನೊಬ್ಬರ ಸಹಾಯ ಬೇಕೇ ಅಂತ ಕೇಳಿದಾರೆ."

"ಸ್ವಲ್ಪ ಅಂತ ಬರಿ," ಎಂದರು ಅತ್ತೆ.

ಒಳಗಿನಿಂದ ಅಮ್ಮ, "ಸ್ವಲ್ಪ ಯಾಕೆ ಅತ್ತಿಗೆ, ಪೂರ್ತಿ ನಾನೇ ಮಾಡಿಸೋದಲ್ವಾ?" ಎಂದಳು.

"ನೀನು ಮಾಡಿಸ್ತೀಯ, ಅದನ್ನ ಊರಿಗೆಲ್ಲ ಡಂಗುರ ಸಾರ್ಬೇಕಾ? ಕಾಗದದ ಮೇಲೆ ಕೆಟ್ಟದ್ದು ಬರೆದರೆ ಅದು ಅಲ್ಲೇ ಬೇರು ಬಿಡುತ್ತೆ. ನಮ್ಮ ಮನೇಲಿ ಯಾರೂ ಬರೆದಿಲ್ಲ. ಬೆಳೆದ ಹುಡುಗಿ ಬಚ್ಚಲಿನ ವಿಷಯ ಗುರುತಿಲ್ಲದವರು ಓದೋದು, ಮರ್ಯಾದೆ ಬೇಡ್ವಾ ನಮಗೆ?"

ಅಪ್ಪ ಪೆನ್ಸಿಲಿನಲ್ಲಿ ಬರೆಯತೊಡಗಿದ. ಮೊದಲು ಪೆನ್ಸಿಲ್, ಆಮೇಲೆ ಶಾಯಿ, ಅದು ಅವನ ಕ್ರಮ. ಸಹಾಯಕಿ ಮತ್ತೆ ಬರಬೇಕೆಂಬ ಆಸೆ ಅವನಿಗೂ ಇತ್ತು. ಆದರೆ "ಆಗುವುದಿಲ್ಲ" ಎಂಬ ಮಾತಿಗೆ ಬಂದಾಗಲೆಲ್ಲ ಪೆನ್ಸಿಲು ತಾನಾಗಿ ಪಕ್ಕಕ್ಕೆ ಸರಿದು "ಕೆಲವೊಮ್ಮೆ ಕಷ್ಟವಾಗುತ್ತದೆ" ಎಂದು ಬರೆಯುತ್ತಿತ್ತು. ಅಂಥವರನ್ನು ಬೈಯುವುದು ಸುಲಭ. ಹೆತ್ತ ಮಗಳಿಗೆ ಆಗದ್ದನ್ನೆಲ್ಲ ಒಂದೊಂದಾಗಿ ಪಟ್ಟಿಮಾಡಿ ಕೊಡಿ ಎಂದು ಕೇಳಿಸಿಕೊಂಡವರಿಗೇ ಗೊತ್ತು ಅದರ ಸಂಕಟ.

"ಅಪ್ಪಾ," ಎಂದಳು ಲಾಯರಮ್ಮ. "ಬರೆದದ್ದನ್ನ ಒಂದ್ಸಲ ಓದು."

"ಮುಗೀಲಿ ತಾಳಮ್ಮಾ."

"ಸಹಿ ಹಾಕೋಳು ನಾನು. ಓದು."

ಅವನು ಓದಿದ. ಏಳುವುದು: ಆಸರೆ ಇದ್ದರೆ ಏಳುತ್ತಾಳೆ. ಸ್ನಾನ: ಸ್ವಲ್ಪ ಸಹಾಯ ಬೇಕು. ಊಟ: ತಾನೇ ಮಾಡುತ್ತಾಳೆ. ಶೌಚ: ಮನೆಯವರು ಜೊತೆಗಿರುತ್ತಾರೆ. ಓದುತ್ತಾ ಓದುತ್ತಾ ಅವನ ದನಿಗೆ ಕೊಂಚ ಹುರುಪೂ ಬಂದಿತ್ತು.

ಅವಳು ಅಪ್ಪನ ಕೈಯ ಹಾಳೆಯತ್ತ ಕಣ್ಣು ತಿರುಗಿಸಿದಳು. "ಈ ಹುಡುಗಿ ಚೆನ್ನಾಗಿದಾಳೆ. ಯಾರ ಮನೆಯವಳು?"

"ಹಾಗೆಲ್ಲ ಮಾತಾಡ್ಬಾರ್ದು," ಎಂದರು ಅತ್ತೆ. "ಅವರಿಗೆ ಕಣ್ಣಿಲ್ವಾ? ನೋಡಿದ್ರೆ ಗೊತ್ತಾಗುತ್ತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಹುಣ್ಣಿರೋದು ನಮ್ಮ ಅಂಗೈಲಿ ಅತ್ತೆ. ಆಫೀಸಿನೋರು ಅವರ ಅಂಗೈ ನೋಡ್ಕೊಂಡ್ರೆ ಏನು ಕಾಣುತ್ತೆ? ನಾವು ಕೈ ಬಿಚ್ಚಿ ತೋರಿಸ್ಬೇಕು. ನಾವು ಮುಷ್ಟಿ ಹಿಡ್ಕೊಂಡು ಕೂತಿದೀವಿ." ಅವಳು ಉಸಿರಿಗಾಗಿ ನಿಂತಳು. ಉದ್ದ ಮಾತಾಡಿದರೆ ಈಚೆಗೆ ಹಾಗಾಗುತ್ತಿತ್ತು. "ಅಪ್ಪಾ, ಶೌಚದ್ದು ಅಳಿಸು. ನಾನು ಹೇಳ್ತೀನಿ, ಬರ್ಕೋ. ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ನನ್ನನ್ನ ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರೂ ಇರಲ್ಲ. ಅದಕ್ಕೇ ನಾನು ನೀರು ಕುಡಿಯಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಬಾಟಲಿ ಖಾಲಿಯಾಗಿರುತ್ತಲ್ಲೇ," ಎನ್ನುತ್ತಾ ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ನೀರು ಹಳಸಿದೆ, ಗಿಡಕ್ಕೆ ಹಾಕಿ ಅಂತ ಅತ್ತೆಗೆ ಹೇಳ್ತೀನಮ್ಮಾ. ದಿನಾ."

ಅತ್ತೆ ಕಿಟಕಿಯಾಚೆಯ ಕುಂಡದ ಕಡೆ ತಿರುಗಿದರು. ಹೆಚ್ಚುಕಡಿಮೆ ಮೂರು ವರ್ಷ ತಾವೇ ದಿನಾ ಅದಕ್ಕೆ ಸುರಿದ ನೀರು.

"ಮೊದಮೊದಲು ಅತ್ತೇನ ಕೇಳ್ತಿದ್ದೆ," ಲಾಯರಮ್ಮನ ದನಿ ತಗ್ಗಿತು. "ಒಂದು ದಿನ ನನ್ನ ಎತ್ತೋಕೆ ಹೋಗಿ ಇಬ್ರೂ ಬಿದ್ವಿ. ಪಕ್ಕದ ಮನೆಯೋರನ್ನ ಕೂಗಿ ಅಂದೆ. ಬೇಡ, ಜನ ಏನಂತಾರೆ ಅಂದ್ರು. ಒಂದು ಗಂಟೆ ಹೊತ್ತು ನೆಲದ ಮೇಲೇ ಇದ್ವಿ. ಹೇಗೋ ಎಳೆದು ಮಂಚಕ್ಕೆ ಹಾಕಿದ್ರು. ಯಾರಿಗೂ ಹೇಳ್ಬೇಡ ಅಂದ್ರು, ನಾನು ಹೇಳ್ಲಿಲ್ಲ. ಆವತ್ತಿಂದ ನೀರು ಬಿಟ್ಟೆ."

ಪ್ರೆಸ್ಸಿನಲ್ಲಿ ಮಧ್ಯಾಹ್ನ ಊಟ ಮುಗಿಸಿ ಚೊಂಬಿನ ತುಂಬ ನೀರು ಕುಡಿದು ತೇಗುತ್ತಿದ್ದ ತನ್ನ ಬಗ್ಗೆ ಅಪ್ಪನಿಗೆ ಹೇಸಿಗೆಯಾಯಿತು. ಮಗಳ ಕಿಡ್ನಿಯನ್ನು ಕಾಯಿಲೆ ತಿಂದಿರಲಿಲ್ಲ. ತನ್ನ ಅಂದದ ಅಕ್ಷರ ತಿಂದಿತ್ತು. ಯಾವ ಶತ್ರುವೂ ಮನೆಗೆ ನುಗ್ಗಿ ಇಷ್ಟು ನಾಶ ಮಾಡಲಾರ. ಮರ್ಯಾದೆ ಎಂಬ ಹೆಸರಿಟ್ಟುಕೊಂಡು ಮನೆಯವರೇ ಪ್ರೀತಿಯಿಂದ ಮಾಡಿ ಮುಗಿಸಿದ್ದರು.

"ಮಗು, ನಾನು ನಿನಗೆ ಕೆಟ್ಟದಾಗಲಿ ಅಂತ..." ಎಂದು ಅತ್ತೆ ಶುರುಮಾಡಿದರು.

"ಇಲ್ಲ ಅತ್ತೆ. ನೀವು ನನ್ನ ಮೇಲೆ ಪ್ರಾಣ ಇಟ್ಕೊಂಡಿದೀರ. ಅದೂ ನನಗೆ ಗೊತ್ತು."

ಅತ್ತೆ ಎದ್ದು ಹೋಗಿ ಗೋಡೆಯ ಕಡೆ ಮುಖಮಾಡಿ ಕೂತರು. ಸರಿ ಎನ್ನಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಅರವತ್ತು ವರ್ಷ ನಂಬಿ ಬಾಳಿದ್ದು ಒಂದು ಬೆಳಗಿನಲ್ಲಿ ಕಳಚಿಬೀಳುವುದಿಲ್ಲ. ಅಪ್ಪ ಈ ಸಲ ಅವರತ್ತ ನೋಡಿ ಕಾಯಲಿಲ್ಲ. ಬರೆದದ್ದನ್ನೆಲ್ಲ ಅಳಿಸಿ, ಪೆನ್ಸಿಲ್ ಬದಿಗಿಟ್ಟು, ನೇರ ಶಾಯಿಯಲ್ಲೇ ಬರೆಯತೊಡಗಿದ. ಅಮ್ಮ ಮಂಚದ ಅಂಚಿಗೆ ಕೂತು, ಮೂರು ವರ್ಷ ನುಂಗಿಕೊಂಡದ್ದನ್ನೆಲ್ಲ ಹೇಳಿದಳು. ಎಷ್ಟು ಸಲ ಎತ್ತುವುದು, ಹೇಗೆ ತೊಳೆಯುವುದು, ಎತ್ತುವಾಗ ತನ್ನ ಭುಜದಲ್ಲಿ ಏನು ಕಟಕ್ಕೆನ್ನುತ್ತದೆ. ಕೆಲವು ಮಾತಿಗೆ ಲಾಯರಮ್ಮ ಕಣ್ಣು ಮುಚ್ಚಿಕೊಂಡಳು. ತನ್ನ ಮೈಯ ಕಥೆ ಅಪ್ಪನ ಮುಂದೆ ಹೀಗೆ ಬಿಚ್ಚಿಕೊಳ್ಳುವುದು ಅವಳಿಗೇನು ಸುಲಭವೇ? ಆದರೂ ಅಮ್ಮ ತಡವರಿಸಿ ಬಿಟ್ಟದ್ದನ್ನು ಅವಳೇ ತುಂಬಿದಳು.

ಹದಿಮೂರನೆಯ ಪುಟದಲ್ಲಿ ಅಪ್ಪನ ಕೈ ನಿಂತಿತು. ಪ್ರಶ್ನೆ ಒಂದೇ ಸಾಲಿನದು: ಮುಂದೆ ಗುಣವಾಗುವ ಸಂಭವವಿದೆಯೇ?

"ಇಲ್ಲ ಅಂತ ಬರಿ ಅಪ್ಪಾ."

"ಹೊಸ ಔಷಧಿ ಏನಾದ್ರೂ ಬರಬಹುದು..."

"ಬಂದ ದಿನ ನಾನೇ ಕಾಗದ ಬರೆದು ತಿಳಿಸ್ತೀನಿ. ಡಾಕ್ಟರು ಹೇಳಿದಾಗ ನಾನೂ ಅಲ್ಲೇ ಇದ್ದೆ. ನೀನು ಅದನ್ನ ಬರೀದಿದ್ರೆ ನಾನು ಸಹಿ ಹಾಕಲ್ಲ."

ಎರಡೇ ಅಕ್ಷರ. ಅವನ ಬದುಕಿನಲ್ಲಿ ಅಷ್ಟು ಹೊತ್ತು ತೆಗೆದುಕೊಂಡ ಬರವಣಿಗೆ ಬೇರೆ ಇರಲಿಲ್ಲ. ಬರೆದಾದ ಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. ಹದಿನೈದು ವರ್ಷದಿಂದ ಅಳದೆ ಇಟ್ಟುಕೊಂಡದ್ದು ಹೊರಗೆ ಬಂತು.

"ಈಗ ಮೊದಲಿಂದ ಓದು," ಎಂದಳು ಮಗಳು.

ಅವನು ಓದಿದ. ಆ ಮನೆಯ ಗೋಡೆಗಳ ನಡುವೆ ಅವಳ ದಿನ ಬೆಳಗಿನಿಂದ ರಾತ್ರಿಯವರೆಗೆ, ಇದ್ದದ್ದು ಇದ್ದ ಹಾಗೆ, ಅವತ್ತೇ ಮೊದಲು ಕೇಳಿಸಿದ್ದು. ಗೋಡೆಯತ್ತ ಕೂತವರು ಕಿವಿ ಮುಚ್ಚಿಕೊಳ್ಳಲಿಲ್ಲ. ಕೊನೆಯ ಸಾಲು ಮುಗಿದಾಗ ಲಾಯರಮ್ಮ ನಿಧಾನವಾಗಿ ಉಸಿರು ಬಿಟ್ಟಳು.

"ಹೂಂ. ಇದು ನಾನೇ. ಪೆನ್ನು ಕೊಡು."

ಅಮ್ಮ ಮೊಣಕೈಗೆ ಆಸರೆ ಕೊಟ್ಟಳು. ಪೆನ್ನು ಎರಡು ಸಲ ಜಾರಿ ಬಿತ್ತು. ಸಹಿ ಸೊಟ್ಟಸೊಟ್ಟಗೆ ಎದ್ದು, ಚೌಕದ ಗೆರೆ ದಾಟಿ, ಪಕ್ಕದ ಖಾಲಿ ಜಾಗಕ್ಕೂ ಹರಿಯಿತು. ಅಕ್ಷರ ನೇರ ಮಾಡಲು ಅಪ್ಪನ ಕೈ ಮುಂದೆ ಬಂತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡು, ಅವಳು ಬರೆದು ಮುಗಿಸುವ ತನಕ ಕೂತು ನೋಡಿದ.