ನೀರು ಕುಡಿಯುವ ಎಂಜಿನ್ನು

ವೆಂಕಟರವಣಪ್ಪನ ಕಾರು ನೀರು ಕುಡಿಯುತ್ತದೆ ಎಂಬುದು ಚಿಂತಾಮಣಿಗೆಲ್ಲ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೆಲಸವಿಲ್ಲದೆ ಕೂತವರು, "ಇವನ ಕಾರಿಗೆ ಬಂಕು ದೂರ ಇದ್ರೂ ಪರವಾಗಿಲ್ಲ, ಬಾವಿ ಹತ್ರ ಇರ್ಬೇಕು" ಎಂದು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ನಗುವವರಿಗೇನು, ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅದು ಮೂವತ್ತೆಂಟನೇ ಇಸವಿಯ ಅಮೆರಿಕದ ಕಾರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಆ ಹೊಗೆಯಲ್ಲೇ ನಾಲ್ಕು ವರ್ಷ ಓಡಿತ್ತು. ಆ ಬೂದಿ ತಿಂದೇ ಎಂಜಿನ್ನಿನ ಒಳಗೆಲ್ಲ ಸವೆದುಹೋಗಿತ್ತು. ಒಲೆಗೆ ಬೆಳಗಿನ ಜಾವ ಗಾಳಿ ಹಾಕುತ್ತಿದ್ದ ಹೆಂಡತಿ ನಲವತ್ತಾರರಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಈಗ ಐವತ್ತೆಂಟನೇ ಇಸವಿ. ಅವನ ವಯಸ್ಸೂ ಹೆಚ್ಚುಕಡಿಮೆ ಅಷ್ಟರ ಹತ್ತಿರವೇ. ದಿನಸಿ ಅಂಗಡಿಯ ಹಿಂದೆ ಒಂದು ಕೋಣೆ, ಎರಡು ಹೊತ್ತು ಹೋಟೆಲಿನ ಊಟ. ಬೆಳಗ್ಗೆ ಕೆಂಚಾರ್ಲಹಳ್ಳಿಯಿಂದ ರೇಷ್ಮೆಗೂಡಿನ ಮೂಟೆಗಳನ್ನು ಹೇರಿಕೊಂಡು ಶಿಡ್ಲಘಟ್ಟದ ನೂಲು ಬಿಚ್ಚುವವರಿಗೆ ಮುಟ್ಟಿಸುವುದು, ಸಂಜೆ ವ್ಯಾಪಾರಿಗಳನ್ನು ಊರಿಗೆ ಇಳಿಸಿ ಖಾಲಿ ಕಾರಿನಲ್ಲಿ ಚಿಂತಾಮಣಿಗೆ ಮರಳುವುದು, ಇಷ್ಟೇ ಬದುಕು.

ಇಷ್ಟೇ ಎಂದರೆ ಸುಳ್ಳಾಗುತ್ತದೆ. ಹತ್ತು ನಿಮಿಷ ಬೇರೆ ಇತ್ತು.

ಕೆಂಚಾರ್ಲಹಳ್ಳಿ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡು ಒಂದು ತೊಟ್ಟಿ ಮನೆ, ಮೊಣಕಾಲೆತ್ತರದ ಕಲ್ಲುಗೋಡೆ, ಗೋಡೆಯೊಳಗೆ ಬಾವಿ. ಅಲ್ಲಿ ರಾಮಲಕ್ಷ್ಮಮ್ಮ ಎಂಬಾಕೆ ಮೈದುನ ಆವಲಪ್ಪನ ಸಂಸಾರದ ಜೊತೆ ಇದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಏಳು ವರ್ಷದ ಹಿಂದೆ ಒಂದು ಸಂಜೆ ಕಾರು ಅವಳ ಮನೆ ಮುಂದೆ ಬುಸುಗುಟ್ಟಿ ಹೊಗೆಯೆದ್ದು ನಿಂತಾಗ ಅವಳೇ ಬಿಂದಿಗೆ ತುಂಬ ನೀರು ತಂದುಕೊಟ್ಟಳು. ಕುದಿಯುವ ಎಂಜಿನ್ನಿಗೆ ತಣ್ಣೀರು ಹೊಯ್ಯಬಾರದು, ಹತ್ತು ನಿಮಿಷ ಆರಲು ಬಿಡಬೇಕು ಎಂಬುದು ಸಣ್ಣ ಕ್ಲೀನರಿಗೂ ಗೊತ್ತು. ಇಪ್ಪತ್ತು ವರ್ಷ ಸ್ಟೀರಿಂಗು ಹಿಡಿದ ವೆಂಕಟರವಣಪ್ಪ ಅಂದು ಹೆಂಗಸೊಬ್ಬಳು ಬಿಂದಿಗೆ ಹಿಡಿದು ನಿಂತಿದ್ದಾಳಲ್ಲ ಎಂಬ ಸಂಕೋಚಕ್ಕೆ ಇಸಿದುಕೊಂಡು ಒಂದೇ ಸಲಕ್ಕೆ ಸುರಿದುಬಿಟ್ಟ. ಒಳಗೆಲ್ಲೋ ಟಿಕ್ ಎಂದಿತು. ಅಂದಿನಿಂದ ಕಾರು ನೀರು ಕುಡಿಯತೊಡಗಿತು.

ಅದಾದ ಮೇಲೆ ದಿನಾ ಸಂಜೆ ಅಲ್ಲಿ ನಿಲ್ಲಿಸುವುದು, ಹತ್ತು ನಿಮಿಷ ಆರಲು ಬಿಡುವುದು, ಆಮೇಲೆ ನಿಧಾನವಾಗಿ ನೀರು ಹೊಯ್ಯುವುದು. ದೂರದ ಹುಣಸೇಮರದ ಹತ್ತಿರ ಆ ಎಂಜಿನ್ನಿನ ಕೆಮ್ಮು ಕೇಳಿದರೆ ಸಾಕು, ರಾಮಲಕ್ಷ್ಮಮ್ಮ ಹಗ್ಗ ಬಾವಿಗೆ ಬಿಡುತ್ತಿದ್ದಳು. ಅವನು ಗೋಡೆಯ ಆಚೆ, ಅವಳು ಈಚೆ. ಮಾತು ದೊಡ್ಡದೇನಲ್ಲ. ರೇಷ್ಮೆಹುಳ ಪೊರೆ ಕಳಚಲು ನಾಲ್ಕನೇ ಜ್ವರಕ್ಕೆ ಕೂತಿದೆ, ಈ ಸಲ ಹಿಪ್ಪುನೇರಳೆ ಸೊಪ್ಪು ತೆಳ್ಳಗೆ ಬಂದಿದೆ, ಹಸು ಹಾಲು ಕಡಿಮೆ ಮಾಡಿದೆ. ನಡುವೆ ಒಮ್ಮೆ, "ಮಧ್ಯಾಹ್ನ ಏನು ಊಟ ಮಾಡಿದ್ರಿ?" ಎನ್ನುವಳು. ಈ ಭೂಮಿಯ ಮೇಲೆ ಅವನನ್ನು ಹಾಗೆ ಕೇಳುತ್ತಿದ್ದ ಜೀವ ಅದೊಂದೇ. ಹೋಟೆಲಿನ ಅದೇ ಸಾರನ್ನು ಅವನು ದಿನಕ್ಕೊಂದು ಬಗೆಯಾಗಿ ಬಣ್ಣಿಸುತ್ತಿದ್ದ.

ಮೊದಲ ಎರಡು ವರ್ಷ ಅವಳು ಅವನನ್ನು ಅಣ್ಣಾ ಎನ್ನುತ್ತಿದ್ದಳು. ಆಮೇಲೆ ಯಾವಾಗಲೋ ಆ ಮಾತು ಬಿಟ್ಟುಹೋಯಿತು. "ಬಂದ್ರಾ?" ಎಂದಷ್ಟೇ ಕೇಳುವಳು. ಅವನು ಅದನ್ನು ಗಮನಿಸಿದ್ದ, ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು?

ಆ ವರ್ಷದ ಬೇಸಿಗೆಯಲ್ಲಿ ಕಾರು ಎರಡು ಸಲ ಶಿಡ್ಲಘಟ್ಟದ ದಾರಿಯಲ್ಲೇ ಮಲಗಿತು. ಗೂಡು ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಹೊರಬರುತ್ತದೆ, ಎಳೆ ತುಂಡಾಗಿ ಕಾಸಿಗೂ ಬೇಡವಾಗುತ್ತದೆ. ಗೂಡಿನ ವ್ಯಾಪಾರಿ ಗಂಗುಲಪ್ಪ ರಸ್ತೆಯ ನಡುವೆಯೇ ಎಗರಾಡಿದ.

"ಏಮಯ್ಯಾ ರವಣಪ್ಪ, ನನ್ನ ಗೂಡು ಚಿಟ್ಟೆಯಾಗಿ ಹಾರೋದು ನೋಡ್ಬೇಕಂತ ಇದ್ದೀಯಾ? ಒಂದು ವಾರ ಟೈಮು ಕೊಡ್ತೀನಿ. ಅಷ್ಟರೊಳಗೆ ಗಾಡಿ ಸರಿ ಮಾಡ್ಸು, ಇಲ್ಲಾಂದ್ರೆ ನಾನು ಲಾರಿ ಮಾಡ್ಕೊಂತೀನಿ."

ವೆಂಕಟರವಣಪ್ಪ ಕಾರನ್ನು ಮೇಸ್ತ್ರಿ ನರಸಿಂಹಪ್ಪನ ಷೆಡ್ಡಿಗೆ ಒಯ್ದ. ಮೇಸ್ತ್ರಿ ಅರ್ಧ ದಿನ ಬಿಚ್ಚಿ, ಒರೆಸಿ, ಬೀಡಿ ಸೇದಿ, ಕೊನೆಗೆ ಎಂಜಿನ್ನಿನ ಪಕ್ಕೆಯ ಮೇಲೆ ಬೆರಳಿಟ್ಟ.

"ನೋಡಣ್ಣ, ಇಲ್ಲಿ. ಕೂದಲೆಳೆ ಬಿರುಕು. ಯಾರೋ ತಲೆ ಇಲ್ಲದೋನು ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದವ್ನೆ."

ವೆಂಕಟರವಣಪ್ಪ ಆ ಬಿರುಕನ್ನು ನೋಡಿದ. ಹೊಯ್ದವನು ಯಾರು, ಯಾವ ಬಾವಿಯ ನೀರು, ಕೊಟ್ಟವಳು ಅಂದು ಯಾವ ಬಣ್ಣದ ಸೀರೆ ಉಟ್ಟಿದ್ದಳು, ಎಲ್ಲ ಅವನಿಗೆ ನೆನಪಿತ್ತು.

"ಎರಡು ದಾರಿ ಐತೆ" ಎಂದ ಮೇಸ್ತ್ರಿ. "ಇದನ್ನೇ ಇಳಿಸಿ ಬೆಂಗಳೂರಿಗೆ ಕಳ್ಸಿ, ಸ್ಲೀವ್ ಹೊಡ್ಸಿ, ಹೊಸ ಪಿಸ್ಟನ್ ಹಾಕ್ಸಿ, ನಾನು ಕೂತು ಜೋಡಿಸ್ತೀನಿ. ಒಂದು ತಿಂಗಳು ಬೇಕು. ಬಿರುಕಿಗೆ ಹೊಲಿಗೆ ಹಾಕಬೋದು, ಆದ್ರೆ ನೀರು ಕುಡಿಯೋದನ್ನ ಪೂರಾ ಬಿಡಲ್ಲ. ಇಲ್ಲಾಂದ್ರೆ ಇದನ್ನ ಕೊಟ್ಟು, ಬೆಂಗಳೂರಿನೋರು ಆಗ್ಲೇ ಹೊಸದರಂಗೆ ಮಾಡಿಟ್ಟಿರೋ ರೀಕಂಡೀಷನ್ ಎಂಜಿನ್ನು ತರೋದು. ನಾಲ್ಕೇ ದಿನ. ಒಂದು ತೊಟ್ಟು ನೀರು ಕೇಳಲ್ಲ."

ಬುದ್ಧಿ ಇರುವ ಯಾರಾದರೂ ಅಲ್ಲೇ ಹೂಂ ಅನ್ನುತ್ತಿದ್ದರು. ವೆಂಕಟರವಣಪ್ಪ ಅನ್ನಲಿಲ್ಲ. ಹಳೆಯ ಎಂಜಿನ್ನನ್ನೇ ಉಳಿಸಿಕೊಂಡರೆ ಬಾವಿಯೂ ಉಳಿಯುತ್ತದೆ, ಆದರೆ ಗಂಗುಲಪ್ಪ ಹೋಗುತ್ತಾನೆ. ಅವನು ಹೋದರೆ ಕೆಂಚಾರ್ಲಹಳ್ಳಿಯ ದಾರಿಯೇ ಹೋಗುತ್ತದೆ. ರೀಕಂಡೀಷನ್ ಎಂಜಿನ್ನು ತಂದರೆ ದಾರಿ ಉಳಿಯುತ್ತದೆ, ನಿಲ್ಲುವುದಕ್ಕೆ ನೆಪ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಮೇಸ್ತ್ರಿಯ ಹತ್ತಿರ ಹೇಳಿಕೊಳ್ಳುವ ಸಂಗತಿಯೇ ಇದು? ಸುಮ್ಮನೆ ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿಕೊಂಡು ಇನ್ನೊಂದು ದಿನ ಓಡಿಸಿದ.

ಅಂದು ಸಂಜೆ ಗೋಡೆಯ ಬಳಿ ಅವಳಿಗೆ ಎರಡೂ ದಾರಿ ಹೇಳಿದ. ಸ್ಲೀವು, ಪಿಸ್ಟನ್ನು, ಎಲ್ಲ ಹೇಳಿದ. ನೀರಿನ ವಿಷಯ ಒಂದನ್ನು ನುಂಗಿಕೊಂಡ.

ರಾಮಲಕ್ಷ್ಮಮ್ಮ ಬಿಂದಿಗೆಯ ಕಂಠದ ಮೇಲೆ ಕೈಯಿಟ್ಟು ಕೇಳಿದಳು, "ಒಂದು ತಿಂಗಳು ಅಂದ್ರೆ, ಆ ತಿಂಗಳೆಲ್ಲ ಈ ಕಡೆ ಬರೋದೇ ಇಲ್ವಾ?"

"ಗಾಡಿ ಇಲ್ದೆ ಹೆಂಗೆ ಬರ್ಲಿ?"

"ಹಂಗಾದ್ರೆ ಬೇಗ ಆಗೋದನ್ನೇ ಮಾಡ್ಸಿ."

ಅಷ್ಟೇ ಅಂದದ್ದು. ವೆಂಕಟರವಣಪ್ಪನಿಗೆ ದಾರಿಯುದ್ದಕ್ಕೂ ಎದೆ ತುಂಬಿಬಂದಿತ್ತು. ತಿಂಗಳು ಎಂದರೆ ಮೂವತ್ತು ಸಂಜೆ. ಅವಳೂ ಎಣಿಸಿದ್ದಳು. ಮಾರನೇ ದಿನವೇ ಹಳೆಯ ಎಂಜಿನ್ನು ಲಾರಿ ಹತ್ತಿ ಬೆಂಗಳೂರಿಗೆ ಹೋಯಿತು.

ಬಂದ ಎಂಜಿನ್ನು ಬಂಗಾರದಂಥದ್ದು. ಕೆಮ್ಮಿಲ್ಲ, ಹೊಗೆಯಿಲ್ಲ. ಗಂಗುಲಪ್ಪ ಹಿಂದಿನ ಸೀಟಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ನಿದ್ದೆ ಮಾಡಿದ. ಹಳೆಯದನ್ನು ಕಳಿಸಿದ ಐದನೇ ಸಂಜೆ ವೆಂಕಟರವಣಪ್ಪ ಕಲ್ಲುಗೋಡೆಯ ಮುಂದೆ ನಿಲ್ಲಿಸಿದಾಗ ಬಾವಿಯ ಹತ್ತಿರ ಯಾರೂ ಇರಲಿಲ್ಲ. ಸದ್ದಿಲ್ಲದೆ ಬಂದ ಕಾರು ಯಾರದೆಂದು ಅವಳಿಗೆ ಹೇಗೆ ತಿಳಿಯಬೇಕು? ಹಾರನ್ನು ಒತ್ತಿದ. ಏಳು ವರ್ಷದಲ್ಲಿ ಆ ಮನೆಯ ಮುಂದೆ ಹಾರನ್ನು ಒತ್ತಿದ್ದು ಅದೇ ಮೊದಲು.

ಅವಳು ಸೆರಗು ಸರಿಪಡಿಸಿಕೊಂಡು ಬಂದಳು. ಕಂಡ ಕೂಡಲೇ ಮುಖ ಅರಳಿತು. ಲಗುಬಗೆಯಿಂದ ಹಗ್ಗ ಬಿಟ್ಟು, ಸೇದಿ, ಬಿಂದಿಗೆ ಹೊತ್ತು ಗೋಡೆಯ ಹತ್ತಿರ ಬಂದಳು.

ಆಗ ಆ ಮನುಷ್ಯ ಮಾಡಿದ್ದೇನು ಗೊತ್ತೆ? ಹೊಸ ಅಂಗಿ ತೊಟ್ಟ ಹುಡುಗನ ಹಾಗೆ ಬಾನೆಟ್ಟು ಎತ್ತಿ ತೋರಿಸಿದ. "ನೋಡಿ, ಹೆಂಗೈತೆ! ಕೇಳಿ ನೋಡಿ ಬೇಕಾದ್ರೆ, ಕುದಿಯೋ ಸದ್ದೇ ಇಲ್ಲ. ಇನ್ಮೇಲೆ ನೀರೇ ಬೇಡ ಇದಕ್ಕೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಬಿಂದಿಗೆಯನ್ನು ಸೊಂಟಕ್ಕೆ ಸರಿಸಿಕೊಂಡಳು.

"ಒಳ್ಳೇದಾಯ್ತು ಬಿಡಿ" ಎಂದಳು. ನೀರನ್ನು ಹಸುವಿನ ಕಲ್ಲುಬಾನಿಗೆ ಸುರಿದು ಒಳಗೆ ಹೋದಳು.

ಆ ರಾತ್ರಿ ಅವನು ಊಟಕ್ಕೆ ಹೋಗಲಿಲ್ಲ. ಮಾರನೇ ಸಂಜೆ ನಿಲ್ಲಿಸಲು ಧೈರ್ಯ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ನಿಲ್ಲುವುದಾದರೂ ಏನೆಂದು? ಕಾರು ಕೆಟ್ಟರೆ ಒಂದು ನ್ಯಾಯ. ಚೆನ್ನಾಗಿ ಓಡುವ ಕಾರನ್ನು ಗಂಡ ಸತ್ತವಳ ಬಾಗಿಲಲ್ಲಿ ನಿಲ್ಲಿಸಿದರೆ ಊರು ಸುಮ್ಮನಿರುತ್ತದೆಯೇ? ಎಂಜಿನ್ನು ಗಡಿಯಾರದ ಹಾಗೆ ಓಡುತ್ತಿತ್ತು. ಅವನಿಗೆ ಅದನ್ನು ಒದೆಯಬೇಕೆನಿಸುತ್ತಿತ್ತು.

ನಾಲ್ಕನೇ ಸಂಜೆ ಹುಣಸೇಮರದ ಕೆಳಗೆ ಕಾರು ನಿಲ್ಲಿಸಿದ. ಅತ್ತ ಇತ್ತ ನೋಡಿ, ಮುಂದೆ ಬಗ್ಗಿ, ರೇಡಿಯೇಟರಿನ ತಳದ ನಲ್ಲಿಯನ್ನು ತಿರುಗಿಸಿದ. ನೀರು ಧೂಳಿಗೆ ಬಿತ್ತು. ಮುಕ್ಕಾಲು ಖಾಲಿಯಾದ ಮೇಲೆ ನಲ್ಲಿ ತಿರುಗಿಸಿ ಹೊರಟ. ಗಡಿಬಿಡಿಯಲ್ಲಿ ಅದು ಪೂರ್ತಿ ಮುಚ್ಚಿರಲಿಲ್ಲ.

ಕಲ್ಲುಗೋಡೆಯ ಮುಂದೆ ನಿಲ್ಲಿಸಿ ಹಾರನ್ನು ಒತ್ತಿದಾಗ ಅವಳು ಬಂದಳು. "ನೀರು ಬೇಕಿತ್ತು" ಎಂದ. ಅವಳು ಏನೂ ಕೇಳದೆ ಸೇದಿ ಕೊಟ್ಟಳು. ಹತ್ತು ನಿಮಿಷ ಕಾಯುವ ಅಗತ್ಯವಿರಲಿಲ್ಲ, ಆದರೂ ಇಬ್ಬರೂ ಕಾದರು. ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಟ್ಟಾಯಿತೆಂದು ಅವಳು ಹೇಳಿದಳು. ಮಧ್ಯಾಹ್ನ ಹುರುಳಿಕಾಳು ಸಾರು ತಿಂದೆನೆಂದು ಅವನು ಹೇಳಿದ. ಹಾಗೆ ಐದು ಸಂಜೆ ನಡೆಯಿತು. ಆ ಐದು ಸಂಜೆ ಅವನು ಸುಖವಾಗಿದ್ದ.

ಆರನೆಯ ಸಂಜೆ ಅವಳು ಗೋಡೆಯ ಬಳಿ ಆಗಲೇ ನಿಂತಿದ್ದಳು. ಬಿಂದಿಗೆ ಗೋಡೆಯ ಮೇಲಿತ್ತು, ಮೇಲೊಂದು ತಟ್ಟೆ ಮುಚ್ಚಿತ್ತು. ಅವಳ ಕಣ್ಣು ರಸ್ತೆಯ ಮೇಲಿತ್ತು. ಅವನೂ ತಿರುಗಿ ನೋಡಿದ. ಹುಣಸೇಮರದಿಂದ ಗೋಡೆಯವರೆಗೆ ಕೆಂಪು ಧೂಳಿನಲ್ಲಿ ಹನಿಹನಿಯಾಗಿ ಒದ್ದೆಯ ಗೆರೆ ಎಳೆದುಕೊಂಡು ಬಂದಿತ್ತು.

"ನಿನ್ನೆ ಆವಲಪ್ಪ ಹೊಲದಿಂದ ಆ ಗೆರೆ ಹಿಡ್ಕೊಂಡೇ ಬಂದ" ಎಂದಳು ಮೆಲ್ಲಗೆ. "ನನಗೆ ಮೊದ್ಲ ದಿನಾನೇ ಗೊತ್ತಾಯ್ತು. ನಾನು ಸುಮ್ನಿದ್ದೆ. ಆದ್ರೆ ನಾನು ನೋಡಿದಂಗೆ ಊರೂ ನೋಡ್ತದೆ."

ಅವನು ಬಗ್ಗಿ ರೇಡಿಯೇಟರಿನ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದ.

"ನೀರು ಇಲ್ಲ ಅನ್ನಲ್ಲ. ದಿನಾ ತುಂಬಿ ಇಲ್ಲೇ ಇಟ್ಟಿರ್ತೀನಿ. ಬೇಕಾದಾಗ ನೀವೇ ಹಾಕ್ಕೊಂಡು ಹೋಗಿ, ಅಣ್ಣಾ."

ಅಣ್ಣಾ ಎಂದ ಮೇಲೆ ಅವಳು ನಿಲ್ಲಲಿಲ್ಲ.

ಅಂದಿನಿಂದ ಅವನು ಹುಣಸೇಮರದ ಕೆಳಗೆ ನಿಲ್ಲಿಸುವುದನ್ನು ಬಿಟ್ಟ. ಕಲ್ಲುಗೋಡೆಯ ಬಳಿ ಮಾತ್ರ ನಿಲ್ಲುತ್ತಿದ್ದ. ಬಿಂದಿಗೆ ಪ್ರತಿ ಸಂಜೆ ತುಂಬಿರುತ್ತಿತ್ತು, ತಟ್ಟೆ ಮುಚ್ಚಿರುತ್ತಿತ್ತು. ರೇಡಿಯೇಟರೂ ತುಂಬಿಯೇ ಇರುತ್ತಿತ್ತು. ಬಿಂದಿಗೆಯನ್ನು ಹಾಗೆಯೇ ಬಿಟ್ಟು ಹೋಗಲು ಮನಸ್ಸಾಗುತ್ತಿರಲಿಲ್ಲ. ತಟ್ಟೆ ಸರಿಸಿ, ಬಗ್ಗಿಸಿ, ಬೊಗಸೆಯಲ್ಲಿ ಹಿಡಿದು ಆ ನೀರನ್ನು ತಾನೇ ಕುಡಿಯುತ್ತಿದ್ದ. ಕುಡಿದು, ಒಳಗೆ ಸೊಪ್ಪು ಕತ್ತರಿಸುವ ಸದ್ದು ಕೇಳುತ್ತ ಹತ್ತು ನಿಮಿಷ ಅಲ್ಲೇ ನಿಲ್ಲುತ್ತಿದ್ದ. ಆಮೇಲೆ ತಟ್ಟೆಯನ್ನು ಮೊದಲಿದ್ದ ಹಾಗೆ ಮುಚ್ಚಿ ಕಾರು ಹತ್ತುತ್ತಿದ್ದ. ಎಂಜಿನ್ನು ಒಂದೇ ಸಲಕ್ಕೆ ಸ್ಟಾರ್ಟಾಗುತ್ತಿತ್ತು.